ನೀರು ಸಾಕಿದ ಮನೆ

ಮೈದುನನೂ ಅವನ ಸ್ನೇಹಿತನೂ ಗಾಜಿನ ತೊಟ್ಟಿಯನ್ನು ಏದುಸಿರು ಬಿಡುತ್ತ ಮೂರನೆಯ ಮಹಡಿಗೆ ಹೊತ್ತು ತಂದಾಗ, ಬಾಗಿಲು ತೆರೆದ ಬಿಸಿನೀರಕ್ಕನ ಕಣ್ಣು ನೇರ ಅವರ ಚಪ್ಪಲಿಯ ಮೇಲೆ ಹೋಯಿತು. ಆಗಷ್ಟೇ ನೆಲ ಒರೆಸಿದ್ದಳು.

"ಚಪ್ಪಲಿ ಹೊರಗೆ ಬಿಟ್ಟು ಬಾಪ್ಪ."

"ಅತ್ತಿಗೆ, ಚಪ್ಪಲಿ ಬಿಡೋಕೆ ಹೋದ್ರೆ ಇದನ್ನೂ ಬಿಟ್ಬಿಡ್ತೀನಿ. ಯಾವುದು ಬೇಕು ಹೇಳಿ," ಎಂದ ಮೈದುನ. ಆಮೇಲೆ ಎಂದಿನ ಜೋಕು ಹೇಳಿದ. ಅವನ ಅಣ್ಣ ಇಡೀ ಜೀವಮಾನ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದವನು, ಬಾಡಿಗೆಗೆ ಹಿಡಿದ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ, ಇದೆಂಥ ನ್ಯಾಯ ಎಂಬುದೇ ಆ ಜೋಕು. ಮೆಟ್ಟಿಲು ಹತ್ತಿ ಬಂದಾಗಲೆಲ್ಲ ಹೇಳುತ್ತಿದ್ದನಾದ್ದರಿಂದ ಯಾರೂ ನಗಲಿಲ್ಲ.

ತೊಟ್ಟಿ ಮೈದುನನ ಆಫೀಸಿನದು. ಅಲ್ಲಿ ಗೋಡೆಗೆ ಹೊಸ ಬಣ್ಣ ಬಳಿಯುವಾಗ ಯಾರಿಗೂ ಬೇಡವಾಗಿ ಮೂಲೆ ಸೇರಿತ್ತು. ಒಳಗೋಡೆಯ ಮೇಲೆ ಸುಣ್ಣದ ಬಿಳಿ ಗೆರೆಗಳಿದ್ದವು. ಅದನ್ನು ಮನೆಗೆ ತರಿಸಿದ್ದು ಮಾತು ಕಲಿಸುವ ಮೇಡಂ. ಹೋದ ವರ್ಷ ಸ್ಟ್ರೋಕ್ ಹೊಡೆದು ಬಿಸಿನೀರಕ್ಕನ ಗಂಡನ ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು. ತಲೆಯಲ್ಲಿ ಎಲ್ಲ ಸರಿಯಿದ್ದರೂ ಬಾಯಿಗೆ ಬರುವಷ್ಟರಲ್ಲಿ ಪದಗಳು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿದ್ದವು. "ಇವರಿಗೆ ಇವರದೇ ಅನ್ನೋ ಒಂದು ಕೆಲಸ ಬೇಕು," ಎಂದು ಮೇಡಂ ಹೇಳಿದ್ದರು. "ಎರಡೂ ಕೈ ಆಡಬೇಕು, ನಾಲ್ಕು ಜನಕ್ಕೆ ವಿವರಿಸಿ ಹೇಳೋ ಹಾಗಿರಬೇಕು. ಸುಮ್ಮನೆ ಕೂತ್ರೆ ಈಗ ಬಂದಿರೋದೂ ಹೋಗುತ್ತೆ." ಈ ಕೊನೆಯ ಮಾತನ್ನು ಬಿಸಿನೀರಕ್ಕ ಮರೆತಿರಲಿಲ್ಲ.

ಗಂಡ ಎಡಗೈಯಿಂದ ತೊಟ್ಟಿಯ ಅಂಚು ಸವರಿದ. "ಇದು... ನಂದು. ಯಾರೂ... ಇದಕ್ಕೆ..."

"ಕೈ ಹಾಕಲ್ಲ ಬಿಡಿ, ಯಾರೂ ಕೈ ಹಾಕಲ್ಲ," ಎಂದು ಹೆಂಡತಿಯೇ ವಾಕ್ಯ ಮುಗಿಸಿದಳು. ಅವನ ಎಲ್ಲ ವಾಕ್ಯಗಳನ್ನೂ ಈಗೀಗ ಅವಳೇ ಮುಗಿಸುತ್ತಿದ್ದಳು. ಕಾಯುವಷ್ಟು ಹೊತ್ತು ಕಾಲ ಮೇಲೆ ನಿಲ್ಲಲು ಅವಳಿಗೆ ಆಗುತ್ತಿರಲಿಲ್ಲ.

ಬಿಸಿನೀರಕ್ಕ ಎಂಬುದು ಆಸ್ಪತ್ರೆಯಲ್ಲಿ ಅಂಟಿದ ಹೆಸರು. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ಬಟ್ಟಲುಗಳೆಲ್ಲ ನೆಲಮಾಳಿಗೆಯಲ್ಲಿದ್ದ ಅವಳ ಕೋಣೆಗೆ ಇಳಿದು ಬರುತ್ತಿದ್ದವು. ಉಜ್ಜಿ ತೊಳೆದು, ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ, ಆವಿಯ ಯಂತ್ರದೊಳಗಿಟ್ಟು ಬೇಯಿಸಿ ಮೇಲಕ್ಕೆ ಕಳಿಸಬೇಕು. ಯಂತ್ರವೆಂದರೆ ಆಳೆತ್ತರದ ಒಂದು ಪ್ರೆಶರ್ ಕುಕ್ಕರ್, ಅಷ್ಟೇ. ಹೊಸದಾಗಿ ಸೇರಿದ ಹುಡುಗಿಯರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು. "ಕಣ್ಣಿಗೆ ಕ್ಲೀನಾಗಿ ಕಂಡ್ರೆ ಸಾಲದು ಕಣ್ರೇ, ಕಣ್ಣಿಗೆ ಕಾಣದೇ ಇರೋದೂ ಸಾಯ್ಬೇಕು." ಕೆಲಸವೆಲ್ಲ ನಿಂತೇ ಮಾಡುವಂಥದ್ದು. ಸಂಜೆ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಅಲ್ಲೂ ನಿಂತೇ ಬರಬೇಕು. ಮೊಣಕಾಲಿನ ಕೆಳಗೆ ನರಗಳು ಹಸಿರುಗಟ್ಟಿ ಉಬ್ಬಿದ್ದವು, ಮೂರನೆಯ ಮಹಡಿಯ ಮೆಟ್ಟಿಲು ಮುಗಿಯುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು.

ಮನೆಯೊಳಗೆ ಕಾಲಿಟ್ಟರೆ ಇನ್ನೊಂದು ಪಾಳಿ ಕಾದಿರುತ್ತಿತ್ತು. ಹಗಲೆಲ್ಲ ಒಬ್ಬನೇ ಇರುವ ಗಂಡ ಕೈಲಾದದ್ದನ್ನು ಮಾಡಿಡುತ್ತಿದ್ದ. ಒಣಗಿದ ಬಟ್ಟೆ ಮಡಚುವುದು, ಲೋಟ ತೊಳೆಯುವುದು, ಅಡುಗೆಕಟ್ಟೆ ಒರೆಸುವುದು. ಒಂದೂವರೆ ಕೈಯ ಕೆಲಸ, ಅದು ಹೇಗಿರಬೇಕೋ ಹಾಗೇ ಇರುತ್ತಿತ್ತು. ಮಡಚಿದ ಅಂಗಿಯಿಂದ ತೋಳು ಹೊರಗೆ ಇಣುಕುತ್ತಿತ್ತು. ಲೋಟದ ತಳದಲ್ಲಿ ಚಹಾದ ಕಲೆ ಹಾಗೇ ಇರುತ್ತಿತ್ತು. "ಅಯ್ಯೋ, ಇದನ್ನೆಲ್ಲ ನೀವ್ಯಾಕ್ರೀ ಮಾಡೋಕೆ ಹೋದ್ರಿ, ಎಷ್ಟು ಚೆನ್ನಾಗಿ ಮಾಡಿದ್ದೀರ," ಎಂದು ಬಾಯ್ತುಂಬ ಹೇಳಿ, ಅವನು ಬಚ್ಚಲಿಗೆ ಹೋದ ಕೂಡಲೇ ಅವಳು ಬೀರು ತೆಗೆದು ಬಟ್ಟೆಯನ್ನೆಲ್ಲ ಕೊಡವಿ ಮತ್ತೆ ಮಡಚುತ್ತಿದ್ದಳು. ಲೋಟಗಳನ್ನು ಇನ್ನೊಮ್ಮೆ ಉಜ್ಜುತ್ತಿದ್ದಳು. ಅವನು ಟವೆಲ್ ಹೊದ್ದು ಹೊರಬರುವಷ್ಟರಲ್ಲಿ ಎಲ್ಲ ಅದದರ ಜಾಗದಲ್ಲಿ. ಕಳ್ಳರಿಗೂ ಇಷ್ಟು ಚುರುಕು ಇರುವುದಿಲ್ಲ.

ಕಾಲೇಜಿಗೆ ಹೋಗುವ ಮಗಳು ಒಂದು ದಿನ ಕಣ್ಣಾರೆ ಹಿಡಿದಳು.

"ಅಮ್ಮಾ, ಏನಿದು? ಅಪ್ಪ ಬರೆದಿದ್ದನ್ನ ಅಳಿಸಿ ತಿದ್ದಿ ಬರೀತಿದ್ದೀಯಾ?"

"ಉಸಿರೆತ್ಬೇಡ. ಅವರಿಗೆ ಬೇಜಾರಾಗುತ್ತೆ."

"ಒಂದು ಸಲ ಮುಗಿಯೋ ಕೆಲಸನ ಎರಡು ಸಲ ಮಾಡ್ತೀಯ, ಆಮೇಲೆ ಕಾಲು ಸೇದುತ್ತೆ ಅಂತೀಯ."

"ಎರಡು ಸಲ ಎಲ್ಲಿ? ಅವರು ಒಂದು ಸಲ, ನಾನು ಒಂದು ಸಲ."

ಮಗಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಇಷ್ಟಕ್ಕೂ, ಬಿಟ್ಟುಬಿಡು ಎಂದು ಹೇಳುವುದು ಸುಲಭ. ಮನೆಯಲ್ಲಿ ಎಲ್ಲೋ ಒಂದು ಲೋಟದ ತಳದಲ್ಲಿ ಕೊಳೆಯಿದೆ ಎಂದು ಗೊತ್ತಾದರೆ ಬಿಸಿನೀರಕ್ಕನಿಗೆ ನಿದ್ದೆ ಹತ್ತುತ್ತಿರಲಿಲ್ಲ. ದಣಿದವರಿಗೆ ಹಾಸಿಗೆ ಕಂಡರೆ ಸಾಕು ನಿದ್ದೆ ಬರುತ್ತದೆ ಎನ್ನುವವರು ನಿಜವಾಗಿ ದಣಿದು ನೋಡಿಲ್ಲ.

ತೊಟ್ಟಿಯ ಕೆಲಸ ನಿಧಾನಕ್ಕೆ ಶುರುವಾಯಿತು. ಗಂಡ ಲಿಫ್ಟಿನ ಕೆಲಸದ ಹಳೆಯ ಚೀಲದಿಂದ, ಸಮವಿದೆಯೇ ಎಂದು ನೋಡುವ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟು, ಅದರೊಳಗಿನ ಗುಳ್ಳೆ ಸರಿಯಾಗಿ ನಡುವೆ ಬಂದು ನಿಲ್ಲುವವರೆಗೂ ಮೇಜಿನ ಕಾಲಡಿಗೆ ಪ್ಲೈವುಡ್ಡಿನ ಚೂರು ತುರುಕುತ್ತ ಒಂದಿಡೀ ಬೆಳಗ್ಗೆ ಕಳೆದ. ಸುಣ್ಣದ ಗೆರೆಗಳಿಗೆ ವಿನಿಗರ್ ಹಚ್ಚಿ ಉಜ್ಜಿದ. ಸಣ್ಣ ಕಲ್ಲುಗಳನ್ನು ಜರಡಿಗೆ ಹಾಕಿ, ಬಲಗೈಯಲ್ಲಿ ಬಕೆಟ್ಟಿನ ಅಂಚು ಹಿಡಿದು ಎಡಗೈಯಲ್ಲಿ ತೊಳೆದ. ಹಿಡಿಯುವುದೆಂದರೆ ಬೆರಳು ಅಂಚಿಗೆ ಆನಿಸಿಡುವುದು ಅಷ್ಟೇ, ಆದರೂ ಬೆರಳಿಗೆ ಅದೊಂದು ಕೆಲಸ. ನಲ್ಲಿ ನೀರನ್ನು ಬಕೆಟ್ಟುಗಳಲ್ಲಿ ಹಿಡಿದಿಟ್ಟು, ಔಷಧಿಯ ವಾಸನೆ ಹೋಗುವವರೆಗೂ ಕಾದು ಆಮೇಲೆ ತುಂಬಿಸಿದ. ಮೂಲೆಯಲ್ಲಿ ಒಂದು ಕಪ್ಪು ಸ್ಪಂಜು ನಿಲ್ಲಿಸಿ ಗಾಳಿಯ ಪಂಪು ಜೋಡಿಸಿದ. ನೀರು ಅದರೊಳಗಿನಿಂದ ಹಾದು ಗುಳುಗುಳು ಎನ್ನತೊಡಗಿತು.

"ಮೀನು ಯಾವಾಗ್ರೀ ತರೋದು?" ಎಂದು ಹೆಂಡತಿ ಕೇಳಿದಳು.

"ಇನ್ನೂ... ವಾರಗಟ್ಟಲೆ ಆಗುತ್ತೆ."

"ಅಲ್ಲಿವರೆಗೂ ಬರೀ ನೀರು ನೋಡ್ಕೊಂಡು ಕೂರೋದಾ?"

"ಅಪ್ಪ ನೀರು ಸಾಕ್ತಿದ್ದಾನೆ ಕಣಮ್ಮ," ಎಂದಳು ಮಗಳು. "ಒಳ್ಳೇ ಜಾತಿ ನೀರು. ಕಚ್ಚಲ್ಲ, ಬೊಗಳಲ್ಲ."

ಗಂಡ ನಕ್ಕ. ಒಂದು ಪಕ್ಕ ಸ್ವಲ್ಪ ಇಳಿದಿದ್ದ ಬಾಯಿಯಿಂದ ಬಂದ ನಗು ಸೊಟ್ಟಗಿತ್ತು, ಆದರೆ ನಗುವಂತೂ ಹೌದು. ದಿನವೂ ಅವನು ಮೀನಿಲ್ಲದ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದ. ತಿನ್ನುವವರೇ ಇಲ್ಲದ ಮನೆಯಲ್ಲಿ ಊಟ ಬಡಿಸುವುದು ಹೆಂಡತಿಗೆ ಹುಚ್ಚಾಟವಾಗಿ ಕಾಣುತ್ತಿತ್ತು. ನೀರು ಒಂದು ವಾರ ಹಾಲು ಬೆರೆಸಿದಂತೆ ಕದಡಿತು. ಅವಳ ಕೈ ತುರಿಸಿತು, ಆದರೆ ಮಾತು ಕೊಟ್ಟಿದ್ದಳಾದ್ದರಿಂದ ಮುಖ ತಿರುಗಿಸಿಕೊಂಡು ಓಡಾಡಿದಳು.

ಸುದ್ದಿ ಕೇಳಿ ಕೆಳಗಿನ ಮನೆಯ ಟೈಲರ್ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಮೇಲೆ ಬಂದ. ತೊಟ್ಟಿಯೊಳಗೆ ಬಗ್ಗಿ ನೋಡಿದ, ಹಿಂದಿನಿಂದ ನೋಡಿದ.

"ಮೀನೆಲ್ಲಿ ಸ್ವಾಮಿ? ನನ್ನ ನೋಡಿ ನಾಚ್ಕೊಂಡ್ವಾ?"

ಗಂಡ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಲಿಫ್ಟ್ ಹಾಕಿದ ದಿನಾನೇ... ಜನ ಹತ್ತಿಸಲ್ಲ. ಮೊದಲು ಖಾಲಿ... ಓಡಿಸ್ತೀವಿ. ಆಮೇಲೆ ಭಾರ... ಮರಳು ಚೀಲ. ಆಮೇಲೆ ಜನ." ನಿಲ್ಲಿಸಿ ಉಗುಳು ನುಂಗಿದ. ಹಣೆಯಲ್ಲಿ ಬೆವರು ಮೂಡಿತ್ತು. "ಇಲ್ಲೂ ಹಾಗೇನೇ. ಮೊದಲು ಸ್ಪಂಜಿನಲ್ಲಿ... ಕಣ್ಣಿಗೆ ಕಾಣದ..."

"ಕೊಳೆಯೆಲ್ಲ ಹೋಗ್ಬೇಕು," ಎಂದು ಅಡುಗೆಮನೆಯಿಂದ ಹೆಂಡತಿ ವಾಕ್ಯ ಮುಗಿಸಿಕೊಟ್ಟಳು.

ಗಂಡ ಅಲ್ಲ ಎಂದು ತಲೆಯಾಡಿಸಿದ. ಅವಳು ಒಲೆಯ ಕಡೆ ತಿರುಗಿದ್ದರಿಂದ ನೋಡಲಿಲ್ಲ. ಟೈಲರ್ ಎಲ್ಲ ಅರ್ಥವಾದವನಂತೆ ಹೂಂಗುಟ್ಟಿ ಹೊರಟುಹೋದ.

ಬಣ್ಣದ ಮೀನಿನ ಅಂಗಡಿಯಿಂದ ಪರೀಕ್ಷೆಯ ಹನಿಯ ಶೀಶೆಯೊಂದು ಬಂದಿತ್ತು. ಪುಟ್ಟ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಹನಿ ಬಿಡಬೇಕು. ಹಸಿರಾದರೆ ನೀರಿನಲ್ಲಿ ವಿಷವಿದೆ ಎಂದು, ಹಳದಿಯಾದರೆ ಮೀನು ಬಿಡಬಹುದು ಎಂದು. ನಳಿಗೆಯನ್ನು ಅವನು ಹಟ ಹಿಡಿದು ಬಲಗೈಯಲ್ಲೇ ಹಿಡಿಯುತ್ತಿದ್ದ. ಮೊದಮೊದಲು ಅರ್ಧ ನೀರು ಮಡಿಲಿಗೆ ಬೀಳುತ್ತಿತ್ತು, ಆಮೇಲೆ ಕಡಿಮೆಯಾಯಿತು. ಮಾತು ಕಲಿಸುವ ಮೇಡಂ ಮೀನಿನ ಬಗ್ಗೆ ಕೇಳಿದರೆ ಅರ್ಧ ಪಾಠದ ಹೊತ್ತು ಅವನದೇ ಮಾತು. ಬಣ್ಣ ಮಾತ್ರ ದಿನವೂ ಹಸಿರು.

ಕೊನೆಗೊಂದು ಸಂಜೆ ಬಿಸಿನೀರಕ್ಕ ಪಾತ್ರೆ ಉಜ್ಜುತ್ತಿದ್ದಾಗ ಹಾಲಿನಿಂದ ಕೂಗು ಕೇಳಿಸಿತು. "ಹಳದಿ ಬಂತು, ಬಂದು ನೋಡೇ!" ಎಲ್ಲೂ ತಡವರಿಸದೆ ಒಂದೇ ಉಸಿರಿಗೆ ಬಂದ ವಾಕ್ಯ. ಅವಳು ಸೋಪಿನ ಕೈಯಲ್ಲೇ ಓಡಿಬಂದಳು. ಹಳದಿ ಬಣ್ಣ ಕಟ್ಟಿಕೊಂಡು ಅವಳಿಗೇನಾಗಬೇಕು? ಆ ವಾಕ್ಯ ಇನ್ನೊಂದು ಸಲ ಕೇಳಬೇಕೆನ್ನಿಸಿತ್ತು. ವರ್ಷದಲ್ಲಿ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ.

ಅಪ್ಪ ಮಗಳು ಹೋಗಿ ಕಿತ್ತಳೆ ಬಣ್ಣದ ಆರು ಪುಟ್ಟ ಮೀನು ತಂದರು. ಪ್ರತಿ ಮೂಲೆಗೂ ಹೋಗಿ ಮೂಗು ತೂರಿಸಿ ಬರುವ ಒಂದಕ್ಕೆ ಮಗಳು ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಳು. ಗಂಡ ಬೆಳಗ್ಗೆ ಎದ್ದವನೇ ತೊಟ್ಟಿಯ ಮುಂದೆ ಹಾಜರು. ಸೋತ ಕೈಯ ವ್ಯಾಯಾಮಕ್ಕೆ ಕ್ಲಿನಿಕ್ಕಿಗೆ ಹೋಗಲು ಈಗ ಯಾರೂ ಗೋಗರೆಯಬೇಕಾಗಿರಲಿಲ್ಲ. ಮೀನಿನ ಆಹಾರದ ಡಬ್ಬಿಯ ಮುಚ್ಚಳ ತೆಗೆಯಲು ಬೆರಳಿಗೆ ಬಲ ಬೇಕು ಎಂದು ತಾನೇ ಹೊರಡುತ್ತಿದ್ದ.

ಬಿಸಿನೀರಕ್ಕನ ವಾರದ ರಜೆ ಬಂತು. ಗಂಡನನ್ನು ಮಗಳು ವ್ಯಾಯಾಮಕ್ಕೆ ಕರೆದೊಯ್ದಿದ್ದಳು. ತೊಟ್ಟಿಯ ಮೇಜಿನ ಧೂಳು ಒರೆಸುತ್ತಿದ್ದವಳು ಸುಮ್ಮನೆ ಬಗ್ಗಿ ನೋಡಿದಳು. ಸ್ಪಂಜಿನ ಮೈಮೇಲೆ ಕಂದು ಪಾಚಿಯಂಥದ್ದು ಕಟ್ಟಿತ್ತು. ಬೆರಳಿನಿಂದ ಮುಟ್ಟಿದರೆ ಲೋಳೆ. ಪಾಪ, ಬಲಗೈ ಅಷ್ಟು ಆಳಕ್ಕೆ ಹೋಗುವುದಿಲ್ಲ, ಅದಕ್ಕೇ ಬಿಟ್ಟಿದ್ದಾರೆ ಎಂದುಕೊಂಡಳು. ನೋಡದೇ ಇದ್ದಿದ್ದರೆ ಬೇರೆ ಮಾತು. ನೋಡಿದ ಮೇಲೆ ಬಿಸಿನೀರಕ್ಕ ಬಿಟ್ಟಾಳೆಯೇ? ಸ್ಪಂಜನ್ನು ತೆಗೆದು, ಹಿಂಡಿ, ಸೋಪು ಸೇರಿದರೆ ಮೀನಿಗೆ ಆಗದೆಂಬ ವಿವೇಕದಿಂದ ಬರೀ ನೀರಿನಲ್ಲಿ ತೊಳೆದು, ಹಳೆಯ ಪಾತ್ರೆಯಲ್ಲಿಟ್ಟು ಕೊತಕೊತ ಕುದಿಸಿದಳು. ಆರಿಸಿ, ಮೊದಲಿದ್ದ ಜಾಗದಲ್ಲೇ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನಿಲ್ಲಿಸಿದಳು. ಅವಳ ಅರ್ಧ ಗಂಟೆಯ ಕೆಲಸ. ಮನಸ್ಸಿಗೆ ಹಾಯೆನಿಸಿತು, ಸ್ವಲ್ಪ ಹೊತ್ತು ಅಡ್ಡಾದಳು.

ಅದೇ ಸಂಜೆ ಆಹಾರದ ಡಬ್ಬಿ ಗಂಡನ ಬಲಗೈಯಿಂದ ಜಾರಿ, ಒಂದು ರಾಶಿ ನೀರಿಗೆ ಬಿತ್ತು. ಅವನು ಗಾಬರಿಯಾಗಿ ಬಲೆಯಲ್ಲಿ ಬಾಚಿ ಬಾಚಿ ತೆಗೆದ. ಎರಡು ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ನಳಿಗೆಯ ನೀರು ಅಚ್ಚ ಹಸಿರಾಯಿತು. ಅವನು ನೀರು ಬದಲಿಸಿದ, ಮತ್ತೆ ಬದಲಿಸಿದ. ಒಂದೊಂದಾಗಿ ಎಲ್ಲವೂ ಹೊಟ್ಟೆ ಮೇಲಾದವು, ಇನ್ಸ್‌ಪೆಕ್ಟರ್ ಕೊನೆಗೆ. ಮಗಳು ಅವನ್ನು ಬಾಲ್ಕನಿಯ ಹೂಕುಂಡದಲ್ಲಿ ಹೂತಳು.

ಗಂಡ ಬಲಗೈಯನ್ನು ಎಡಗೈಯಿಂದ ಎತ್ತಿ ಎಲ್ಲರ ಮುಂದೆ ಹಿಡಿದ. "ಈ ಕೈ... ಕೊಂದ್ಬಿಡ್ತು."

"ಏನ್ರೀ ಇದು, ಮೀನು ತಾನೇ? ಬೇರೆ ತಂದ್ರಾಯ್ತು," ಎಂದಳು ಹೆಂಡತಿ.

ಅವನು ಕೈಯನ್ನು ಅಂಗಿಯೊಳಗೆ ತೂರಿಸಿಟ್ಟುಕೊಂಡ. ಮಾರನೆಯ ದಿನದಿಂದ ವ್ಯಾಯಾಮ ನಿಂತಿತು. ಮಾತು ಹೂಂ, ಉಹೂಂಗೆ ಇಳಿಯಿತು. ಮೇಡಂ ಫೋನು ಮಾಡಿದರೆ ತಲೆಯಾಡಿಸಿ ಫೋನನ್ನು ಮಗಳ ಕೈಗೆ ಕೊಟ್ಟುಬಿಡುತ್ತಿದ್ದ. ಕೂತಲ್ಲೇ ಕೂತು ಗೋಡೆ ನೋಡುವ ಆ ಮುಖ ಕಂಡಾಗಲೆಲ್ಲ ಬಿಸಿನೀರಕ್ಕನಿಗೆ ಮೇಡಂ ಹೇಳಿದ ಆ ಕೊನೆಯ ಮಾತು ನೆನಪಾಗುತ್ತಿತ್ತು. ಆಮೇಲೆ ಅವನು ತಮ್ಮನಿಗೆ ಹೇಳಿಕಳಿಸಿದ, ಭಾನುವಾರ ಬಂದು ತೊಟ್ಟಿ ತೆಗೆದುಕೊಂಡು ಹೋಗು ಎಂದು.

ಗುಟ್ಟು ಬಿಚ್ಚಿಕೊಂಡದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಆವಿಯ ಯಂತ್ರ ಸರಿಯಾಗಿ ಕೊಲ್ಲುತ್ತಿದೆಯೇ ಎಂದು ತಿಳಿಯಲು ಅಲ್ಲಿ ದಿನವೂ ಒಂದು ಪರೀಕ್ಷೆಯಿತ್ತು. ಜೀವಂತ ಸೂಕ್ಷ್ಮಾಣುಗಳಿರುವ ಎರಡು ಪುಟ್ಟ ಶೀಶೆಗಳಲ್ಲಿ ಒಂದನ್ನು ಯಂತ್ರದಲ್ಲಿ ಬೇಯಿಸಿ, ಇನ್ನೊಂದನ್ನು ಬೇಯಿಸದೆ, ಎರಡನ್ನೂ ಬೆಚ್ಚಗೆ ಇಡಬೇಕು. ಬೆಂದದ್ದು ನೇರಳೆಯಾಗಿಯೇ ಉಳಿದರೆ ಎಲ್ಲ ಸತ್ತಿವೆ. ಬೇಯದ್ದು ಹಳದಿಗೆ ತಿರುಗಿದರೆ ಅದರಲ್ಲಿ ಜೀವವಿದೆ. ವರ್ಷಗಳಿಂದ ನೋಡಿದ್ದೇ. ಅವತ್ತು ಹೊಸ ಹುಡುಗಿ ಎರಡು ಶೀಶೆ ಹಿಡಿದು ಕೇಳಿದಳು, "ಅಕ್ಕ, ಹಳದಿ ಅಂದ್ರೆ ಬದುಕಿದಾವೆ ಅಂತ ಅಲ್ವಾ?"

ಹೌದು ಎನ್ನಲು ಹೊರಟಳು. ಹಳದಿ ಬಂತು ಎಂದು ಗಂಡ ಕೂಗಿದ್ದು ಕಿವಿಯಲ್ಲಿ ಕೇಳಿಸಿತು. ಸ್ಪಂಜಿನಲ್ಲಿ ಕಣ್ಣಿಗೆ ಕಾಣದ, ಎಂದು ಅವನು ಟೈಲರಿಗೆ ಹೇಳಲು ಹೊರಟದ್ದು ಇದನ್ನೇ. ಆ ಲೋಳೆಯಲ್ಲಿ ಜೀವವಿತ್ತು. ನೀರಿನ ವಿಷವನ್ನು ತಿಂದು ಮೀನನ್ನು ಕಾಯುತ್ತಿದ್ದದ್ದು ಅದೇ. ವಾರಗಟ್ಟಲೆ ಕಾದು ಅವನು ಸಾಕಿದ್ದು ಅದನ್ನೇ. ಅದನ್ನು ಅವಳು ಪಾತ್ರೆಯಲ್ಲಿಟ್ಟು ಕುದಿಸಿದ್ದಳು, ಅದೂ ಕೈಯಲ್ಲಿ ಇಷ್ಟು ವರ್ಷದ ಅನುಭವ ಇಟ್ಟುಕೊಂಡು. ಡ್ಯೂಟಿಯ ಹೊತ್ತಿನಲ್ಲಿ ಎಂದೂ ಕೂರದ ಬಿಸಿನೀರಕ್ಕ ಅಲ್ಲೇ ಇದ್ದ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟಳು.

ಮನೆಗೆ ಬಂದು ಮಗಳನ್ನು ಅಡುಗೆಮನೆಗೆ ಕರೆದು ಪಿಸುಮಾತಿನಲ್ಲಿ ಎಲ್ಲ ಹೇಳಿದಳು.

"ಸರಿ, ಅಪ್ಪಂಗೆ ಹೇಳು," ಎಂದಳು ಮಗಳು.

"ಹೇಳಿದ್ರೆ ಅಷ್ಟಕ್ಕೇ ನಿಲ್ಲುತ್ತೇನೇ? ಯಾಕೆ ಕೈ ಹಾಕ್ದೆ ಅಂತಾರೆ. ಇನ್ನೆಲ್ಲೆಲ್ಲಿ ಕೈ ಹಾಕಿದ್ದೀಯ ಅಂತಾರೆ."

"ಅನ್ಲಿ."

"ಬಟ್ಟೆ, ಲೋಟ, ಎಲ್ಲ ಹೊರಗೆ ಬರುತ್ತೆ. ಈ ಮನೇಲಿ ತಾನು ಮಾಡಿದ ಒಂದು ಕೆಲಸಾನೂ ಉಳಿದಿಲ್ಲ ಅಂತ ಗೊತ್ತಾದ್ರೆ ಆ ಮನುಷ್ಯ ಏನಾಗ್ಬೇಕು?"

"ಹೇಳದಿದ್ರೆ ತನ್ನ ಕೈನೇ ಕೊಲೆಗಾರ ಅಂದ್ಕೊಂಡು ಕೂರ್ತಾನೆ. ಆ ಕೈ ಇನ್ನು ಏಳಲ್ಲಮ್ಮ." ತಮಾಷೆ ಮಾಡುವ ಹುಡುಗಿ ಹಾಗೆ ಮಾತಾಡಿದರೆ ಕೇಳಲು ಕಷ್ಟ.

ಬಿಸಿನೀರಕ್ಕ ಎರಡು ದಿನ ತಳ್ಳಿದಳು. ಹೇಳೋಣವೆಂದರೆ ಸುಸ್ತು, ಹೇಳದೆ ಇರೋಣವೆಂದರೆ ಅದೂ ಸುಸ್ತು. ಭಾನುವಾರ ರಜೆ ಕೇಳಿ ಮನೆಯಲ್ಲೇ ಉಳಿದಳು. ಬೆಳಗ್ಗೆ ಗಂಡ ತೊಟ್ಟಿಯ ಮುಂದೆ ನಿಂತು ಎಡಗೈಯಲ್ಲಿ ಮಗ್ಗು ಹಿಡಿದು ನೀರನ್ನು ಬಕೆಟ್ಟಿಗೆ ತೋಡುತ್ತಿದ್ದ. ತಮ್ಮ ಬರುವಷ್ಟರಲ್ಲಿ ಖಾಲಿ ಮಾಡಬೇಕಲ್ಲ. ಅರ್ಧ ಖಾಲಿಯಾಗಿತ್ತು. ಬಲಗೈ ಅಂಗಿಯೊಳಗೇ ಇತ್ತು.

"ರೀ, ಮಗ್ಗು ಕೆಳಗಿಡಿ. ಮೀನು ಸತ್ತಿದ್ದು ನಿಮ್ಮ ಕೈಯಿಂದ ಅಲ್ಲ."

ಅವನು ತೋಡುತ್ತಲೇ ಇದ್ದ. "ಸುಮ್ನೆ... ಸಮಾಧಾನಕ್ಕೆ..."

ಹೇಳ್ಬೇಡ ಎಂಬ ಪದ ಅವಳ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದಳು.

"...ಹೇಳ್ಬೇಡ," ಎಂದು ಅವನೇ ಮುಗಿಸಿದ.

"ಸಮಾಧಾನಕ್ಕಲ್ಲ. ನಾನು ಸ್ಪಂಜು ತೆಗೆದು ಕುದಿಸ್ದೆ. ಆ ರಜೆ ದಿನ, ನೀವು ವ್ಯಾಯಾಮಕ್ಕೆ ಹೋಗಿದ್ದಾಗ. ಡಬ್ಬಿ ಜಾರೋಕೆ ಮುಂಚೆ. ಕೊಳೆ ಅಂದ್ಕೊಂಡೆ."

ಮಗ್ಗು ನಿಂತಿತು. ಅವನು ತೊಟ್ಟಿಯೊಳಗೆ ಎಡಗೈ ಇಳಿಸಿ ಸ್ಪಂಜನ್ನು ಹಿಸುಕಿ, ಬೆರಳು ಮೂಸಿ ನೋಡಿದ. ಲೋಳೆಯಿಲ್ಲ, ವಾಸನೆಯಿಲ್ಲ. ಲಿಫ್ಟು ಯಾಕೆ ಕೆಟ್ಟಿತೆಂಬ ಕಾರಣ ಸಿಕ್ಕಾಗ ಅವನ ಮುಖದಲ್ಲಿ ಮೊದಲೆಲ್ಲ ಒಂದು ನೆಮ್ಮದಿ ಬರುತ್ತಿತ್ತು, ಅದು ಬಂತು. ಬಲಗೈ ತಾನಾಗಿ ಅಂಗಿಯಿಂದ ಹೊರಬಂತು. ಆಮೇಲೆ ಆ ನೆಮ್ಮದಿ ಮೆಲ್ಲಗೆ ಹೋಯಿತು. ಅವನು ಬೀರುವಿನ ಕಡೆ ನೋಡಿದ, ಅಡುಗೆಮನೆಯ ಕಡೆ ನೋಡಿದ.

"ಇನ್ನೇನು... ಇನ್ನೇನೇನು ತೊಳೆದೆ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ಶಕ್ತಿ ಬೇಕು, ಅವಳಲ್ಲಿ ಉಳಿದಿರಲಿಲ್ಲ. "ಲೋಟಗಳು. ಮಡಚಿದ ಬಟ್ಟೆ. ಅಡುಗೆಕಟ್ಟೆ. ಕಿಟಕಿ ಗಾಜು. ಎಲ್ಲ."

"ದಿನಾನಾ?"

"ದಿನಾ."

ಅವನು ಮಗ್ಗನ್ನು ಬಕೆಟ್ಟಿಗೆ ಎಸೆದ. ನೀರು ಸಿಡಿದು ಇಬ್ಬರ ಮೇಲೂ ಬಿತ್ತು. ಮುಖ ಕೆಂಪಾಗಿ ಕುತ್ತಿಗೆಯ ನರ ಬಿಗಿಯಿತು. ಕೋಪ ಹೆಚ್ಚಾದಷ್ಟೂ ಪದಗಳು ಸಿಕ್ಕಿಕೊಳ್ಳುತ್ತಿದ್ದವು. "ಒಂದು ಅಂ... ಅಂಗಿ. ಒಂದು ಅಂಗಿಗೆ... ಎಷ್ಟು ಹೊತ್ತು... ಗೊತ್ತಾ ನಿನಗೆ? ಗಲ್ಲದಲ್ಲಿ ಒತ್ತಿ... ಹಿಡ್ಕೊಂಡು. ಬಿದ್ರೆ... ಮತ್ತೆ ಮೊದಲಿಂದ. ಬೆಳಗ್ಗೆ ಕೂತ್ರೆ... ಮಧ್ಯಾಹ್ನ. ಯಾಕೆ... ನಾನು ಯಾಕೆ ಮಾಡ್ತಿದ್ದೆ? ನೀನು ಬಂದಾಗ... ನೀನು..."

ಅಲ್ಲಿಗೆ ಸಿಕ್ಕಿಕೊಂಡಿತು. ತುಟಿ ಅಲುಗುತ್ತಿತ್ತು, ಶಬ್ದವಿಲ್ಲ. ಬಾಗಿಲಲ್ಲಿ ನಿಂತ ಮಗಳು ಅಮ್ಮನನ್ನು ನೋಡಿದಳು. ಬಿಸಿನೀರಕ್ಕನಿಗೆ ಈ ಸಲ ಆ ವಾಕ್ಯದ ಕೊನೆ ಏನೆಂದು ನಿಜವಾಗಿಯೂ ಗೊತ್ತಿರಲಿಲ್ಲ. ಕಾಯದೆ ಬೇರೆ ದಾರಿಯಿರಲಿಲ್ಲ. ಕಾದಳು.

"...ಕೂತ್ಕೊಳ್ಲಿ ಅಂತ," ಎಂದ ಅವನು. "ಬಂದ ತಕ್ಷಣ... ಸ್ವಲ್ಪ ಹೊತ್ತು ಕೂತ್ಕೊಳ್ಲಿ ಅಂತ."

ಬಿಸಿನೀರಕ್ಕನಿಗೆ ಅಳು ಬಂತು. ಅವಳು ಕೂರಲೆಂದು ಅವನು ಹಗಲೆಲ್ಲ ಒದ್ದಾಡಿದ್ದ. ಅವನು ನೋಯದಿರಲೆಂದು ಅವಳು ಸಂಜೆಯೆಲ್ಲ ನಿಂತಿದ್ದಳು. ಇಷ್ಟು ದಿನ ಇಬ್ಬರೂ ದಣಿದದ್ದೆಲ್ಲ ನೀರಲ್ಲಿ ಹೋಮವಾಗಿತ್ತು. ಸೆರಗಿನಿಂದ ಮುಖ ಒತ್ತಿಕೊಂಡು ಅವಳು ಅತ್ತಳು, ಅವನು ಸಮಾಧಾನ ಮಾಡಲು ಹೋಗಲಿಲ್ಲ. ಅವನ ಕೋಪ ಇಳಿದಿರಲಿಲ್ಲ, ಇಳಿಯಬೇಕಾದ ಕಾರಣವೂ ಇರಲಿಲ್ಲ.

ಅಷ್ಟರಲ್ಲಿ ಮೈದುನ ಬಂದ. "ಏನಣ್ಣಾ, ಇನ್ನೂ ಖಾಲಿ ಆಗಿಲ್ವಾ?" ಎನ್ನುತ್ತ ಒಳಗೆ ಬಂದವನು ಎಲ್ಲರ ಮುಖ ನೋಡಿ ಹೆಜ್ಜೆ ಹಿಂದಿಟ್ಟ.

"ಕೊಡಲ್ಲ," ಎಂದ ಅಣ್ಣ. "ಹೋಗು."

"ಮೂರು ಮಹಡಿ ಹತ್ತಿಸ್ಬಿಟ್ಟು ಹೋಗು ಅಂತೀಯಲ್ಲ!"

"ಇಳಿಯೋದು... ಸುಲಭ."

ಮಗಳು ಕಿಸಕ್ಕನೆ ನಕ್ಕು ಚಿಕ್ಕಪ್ಪನನ್ನು ಮೆಟ್ಟಿಲವರೆಗೆ ಬಿಟ್ಟುಬರಲು ಹೊರಟಳು. ಗಂಡ ಒಂದು ಕುರ್ಚಿಯನ್ನು ಕಾಲಿನಿಂದ ತಳ್ಳಿ ತೊಟ್ಟಿಯ ಎದುರಿಗೆ ತಂದು, ಹೆಂಡತಿಯ ಕಡೆ ನೋಡದೆ ಅದರತ್ತ ಬೆರಳು ಮಾಡಿದ. ಅವಳು ಕೂತಳು.

ಅವನು ತೋಡಿದ ನೀರನ್ನು ಮತ್ತೆ ತುಂಬಲು ಶುರುಮಾಡಿದ. ಎಡಗೈಯಲ್ಲಿ ಮಗ್ಗು, ತಳಕ್ಕೆ ಬಲಗೈಯ ಆಸರೆ. ಎಲ್ಲ ಮತ್ತೆ ಮೊದಲಿನಿಂದ ಆಗಬೇಕಿತ್ತು. ಖಾಲಿ ನೀರು, ಚಿಟಿಕೆ ಆಹಾರ, ಕದಡುವುದು, ವಾರಗಟ್ಟಲೆ ಹಸಿರು. ಮೊದಲ ಮಗ್ಗು ಸರಿಯಾಗಿ ಹೋಯಿತು. ಎರಡನೆಯದರಲ್ಲಿ ಬಲಗೈ ನಡುಗಿ ಅರ್ಧ ಮೇಜಿಗೆ ಬಿತ್ತು. ಮೂರನೆಯದು ಇಡಿಯಾಗಿ ನೆಲಕ್ಕೆ ಬಿದ್ದು, ಕಲ್ಲಿನ ಮಣ್ಣು ಸೇರಿದ ಕೊಳೆನೀರು ಒರೆಸಿದ ನೆಲದ ಮೇಲೆ ಹರಡಿತು. ಬಿಸಿನೀರಕ್ಕ ಅರ್ಧ ಎದ್ದಳು. ಒರೆಸುವ ಬಟ್ಟೆ ಎಲ್ಲಿದೆ, ಅಲ್ಲಿಗೆ ಎಷ್ಟು ಹೆಜ್ಜೆ ಎಂದು ಅವಳ ಕಾಲಿಗೆ ಗೊತ್ತಿತ್ತು.

"ಕೂತ್ಕೋ," ಎಂದ ಅವನು, ತಿರುಗಿ ನೋಡದೆ.

ಅವಳು ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ಕೂತಳು. ಅವನು ಇನ್ನೊಂದು ಮಗ್ಗು ಎತ್ತಿದ. ನೀರು ನೆಲದ ಇಳಿಜಾರು ಹಿಡಿದು ಮೆಲ್ಲಗೆ ಅವಳ ಕಡೆಗೆ ಹರಿದು ಬಂತು. ಕುರ್ಚಿಯ ಕೆಳಗೆ ಬಂತು, ಹಿಮ್ಮಡಿಗೆ ತಾಕಿತು. ಅವಳು ಎರಡೂ ಕಾಲನ್ನು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡಳು.